ಕಟಪಾಡಿಯಲ್ಲಿ ನನ್ನನ್ನು ಬಸ್ಸು ಹತ್ತಿಸಿದವರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಮೆಲ್ಲನೆ ಎದ್ದು ಒಳಗೆ ಹೋಗುವವಳು. ನನ್ನ ತಂದೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡಿತೆಂದು ಪಕ್ಕದ ಮನೆಯವರು ಹೆದರಿ ಬಂದರೆ, ಟಾರ್ಚು ಹಿಡಿದು ಹೋಗಿ, ಒಣಗಲು ಹಾಕಿ ಮರೆತ ಪಂಚೆಯನ್ನು ತಂದು ಅವರ ಕೈಗೇ ಕೊಡುವವರು. ಅವರ ಮಗಳು ನಾನು. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕೆಂಬ ಒತ್ತಾಯ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಣಿಪಾಲದ ಒಂದು ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಅಲೆವೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆಗಿನ ಬಸ್ಸುಗಳನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಡ್ರೈವರನ ಪಕ್ಕದಲ್ಲಿ ಸಾಲಾಗಿ ಇಟ್ಟ ಊಟದ ಕ್ಯಾರಿಯರುಗಳು. ಕಾಪು, ಕಾರ್ಕಳದ ಕಡೆಯಿಂದ ಬಂದು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದವರಿಗೆ ಅವರವರ ಮನೆಯಿಂದ ಬರುತ್ತಿದ್ದ ಗಂಜಿ, ಚಟ್ನಿ, ಮೀನಿನ ಸಾರು. ಮುಚ್ಚಳದ ಮೇಲೆ ಅಂಟಿಸಿದ ಕಾಗದದಲ್ಲಿ ವಾರ್ಡಿನ ನಂಬರು ಇರುತ್ತಿತ್ತು. ಆಸ್ಪತ್ರೆಯ ಹತ್ತಿರ ಇಳಿಯುವ ಯಾರ ಕೈಗಾದರೂ ಕಂಡಕ್ಟರು ಒಂದೊಂದು ಹಿಡಿಸುತ್ತಿದ್ದ. “ಬಾಯಮ್ಮ, ಇದೊಂದು ಮೇಲಿನ ಮಾಳಿಗೆಗೆ ಕೊಟ್ಟು ಹೋಗ್ತೀರಾ?” ಅನ್ನುತ್ತಿದ್ದ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹೊರಗಿನವರು ಹಾಗೆ ಕರೆಯುವುದು. ನಾವು ಕೊಟ್ಟೇ ಕೆಲಸಕ್ಕೆ ಹೋಗುತ್ತಿದ್ದೆವು. ಯಾರ ಊಟ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹಾಗೆ ಒಂದು ಕ್ಯಾರಿಯರು ಕೊಡಲು ಹೋದ ದಿನ, ಯಾರಿಗೋ ತುರ್ತಾಗಿ ರಕ್ತ ಬೇಕೆಂದು ಅಲ್ಲಿದ್ದವರನ್ನೆಲ್ಲ ಪರೀಕ್ಷೆ ಮಾಡುತ್ತಿದ್ದರು. ನಾನೂ ಕೈ ಚಾಚಿದೆ. ನನ್ನದು ಓ ನೆಗೆಟಿವ್, ಸುಲಭದಲ್ಲಿ ಸಿಗುವುದಲ್ಲ ಎಂದು ಹೇಳಿ, ಹೆಸರು ವಿಳಾಸವನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡರು. ಬೇಕಾದಾಗ ಮನೆಗೋ ಕಚೇರಿಗೋ ಜನ ಕಳುಹಿಸುತ್ತಿದ್ದರು. ಎರಡು ಸಲ ಕೊಟ್ಟಿದ್ದೆ, ಎರಡು ಸಲವೂ ಜನ ಕಚೇರಿಗೇ ಬಂದಿದ್ದರು. ಮದುವೆಯಾಗದ ಹುಡುಗಿ ರಕ್ತ ಕೊಟ್ಟರೆ ಸೊರಗಿಹೋಗುತ್ತಾಳೆ ಎಂದು ಅಮ್ಮ ಗಲಾಟೆ ಮಾಡಬಹುದೆಂದು ಮನೆಯಲ್ಲಿ ಹೇಳಿರಲಿಲ್ಲ. ಗೆಳತಿಯರಿಗೂ ಹೇಳಿರಲಿಲ್ಲ. ಇದನ್ನು ನೀವು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು.

ಒಂದು ಆದಿತ್ಯವಾರ ಕಾಪುವಿನಲ್ಲಿ ನನ್ನ ಗೆಳತಿ ಲೀನಾಳ ರೋಸ್ ಇತ್ತು. ಮದುವೆಯ ಹಿಂದಿನ ಸಂಜೆ ಹುಡುಗಿಗೆ ತೆಂಗಿನ ಹಾಲು ಹಚ್ಚಿ ಹಾಡು ಹೇಳುವ ನಮ್ಮವರ ಶಾಸ್ತ್ರ ಅದು. ಅವಳಿಗೆ ಮಲ್ಲಿಗೆ ಒಯ್ಯಬೇಕೆಂದು ದಾರಿಯಲ್ಲಿ ಕಟಪಾಡಿಯಲ್ಲಿ ಇಳಿದೆ. ಮಧ್ಯಾಹ್ನ ಎರಡೂವರೆ. ಬಿಸಿಲಿಗೆ ಪೇಟೆ ಕಣ್ಣು ಮುಚ್ಚಿದಂತಿತ್ತು. ಗಿರಿಜಕ್ಕ ಎಂಬ ಹೂವಿನ ಹೆಂಗಸು ಬಾಳೆಲೆಯಲ್ಲಿ ಒಂದು ಚೆಂಡು ಮಲ್ಲಿಗೆ ಕಟ್ಟಿಕೊಟ್ಟಳು. ತಿರುಗುವಷ್ಟರಲ್ಲಿ ಒಬ್ಬರು ನನ್ನ ಎದುರೇ ನಿಂತಿದ್ದರು.

ಐವತ್ತರ ಆಸುಪಾಸಿನ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಬಿಳಿ ಟೊಪ್ಪಿ, ಚೌಕುಳಿ ಲುಂಗಿ, ಕಂಕುಳಲ್ಲಿ ಒಂದು ಹಳೆಯ ಛತ್ರಿ. ಬಲಗೈಯ ತೋರುಬೆರಳಿನ ತುದಿ ಇರಲಿಲ್ಲ. ಓಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು.

“ಬಾಯೇ, ನೀನು ಈಗ ಕಾಪುವಿಗೆ ಹೋಗಬೇಡ. ಮಣಿಪಾಲಕ್ಕೆ ಹೋಗು,” ಎಂದರು. “ಹೆರಿಗೆ ವಾರ್ಡಿನಲ್ಲಿ ಉಚ್ಚಿಲದ ಸುಶೀಲಾ ಅಂತ ಇದ್ದಾಳೆ. ಅವಳಿಗೆ ನಿನ್ನ ರಕ್ತ ಬೇಕು.”

“ನಿಮಗೆ ಯಾರು ಹೇಳಿದ್ದು?”

“ಕೇಳ್ತಾ ನಿಂತರೆ ಬಸ್ಸು ಹೋಗ್ತದೆ.”

ಹೇಳುತ್ತಲೇ ರಸ್ತೆಗೆ ಇಳಿದು, ಮಂಗಳೂರಿನ ಕಡೆಯಿಂದ ಬರುತ್ತಿದ್ದ ಬಸ್ಸಿಗೆ ಛತ್ರಿ ಅಡ್ಡ ಹಿಡಿದರು. ಆಸ್ಪತ್ರೆಯವರೇ ಕಳುಹಿಸಿದ ಜನ, ಅಲೆವೂರಿನ ಮನೆಗೆ ಹೋಗಿ, ಅಲ್ಲಿಂದ ನನ್ನನ್ನು ಹುಡುಕಿಕೊಂಡು ಬಂದಿರಬೇಕು ಎಂದುಕೊಂಡು ನಾನು ಹತ್ತಿದೆ. ಅವರು ಹತ್ತಲಿಲ್ಲ. ಬಸ್ಸು ಸ್ವಲ್ಪ ದೂರ ಹೋದ ಮೇಲೆ ಒಂದು ವಿಷಯ ಹೊಳೆಯಿತು. ಅವರು ನನ್ನೊಂದಿಗೆ ಮಾತಾಡಿದ್ದು ನಮ್ಮ ಮನೆಮಾತಾದ ಕೊಂಕಣಿಯಲ್ಲಿ. ಪೇಟೆಯಲ್ಲಿ ಕಲಿತ ಹರಕು ಕೊಂಕಣಿ ಅದಲ್ಲ. “ಬಾಯೇ” ಎಂದು ನಮ್ಮ ಮನೆಯ ಹಿರಿಯರು ಕರೆಯುವ ಹಾಗೆಯೇ ಕರೆದಿದ್ದರು. ನಾನೂ ಯೋಚಿಸದೆ ಕೊಂಕಣಿಯಲ್ಲೇ ಉತ್ತರ ಕೊಟ್ಟಿದ್ದೆ.

ಆಸ್ಪತ್ರೆಗೆ ತಲುಪುವಾಗ ಮೂರೂವರೆ ಕಳೆದಿತ್ತು. ನನ್ನನ್ನು ಗುರುತಿಸಿದ ನರ್ಸ್ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಕೈಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ನನ್ನ ಹೆಸರು ಬರೆದಾಗಿತ್ತು, ವಿಳಾಸ ಅರ್ಧಕ್ಕೆ ನಿಂತಿತ್ತು.

“ನಿಮಗೆ ಹೇಗೆ ಗೊತ್ತಾಯಿತು ಮಾರಾಯ್ತಿ? ನಿಮ್ಮ ಮನೆಗೆ ಜನ ಕಳಿಸಲಿಕ್ಕೆ ಈಗಷ್ಟೇ ಬರೀತಾ ಇದ್ದೇನೆ.”

ಕಟಪಾಡಿಗೆ ನೀವೇ ಜನ ಕಳುಹಿಸಿದ್ದಿರಲ್ಲವೇ ಎಂದೆ. ಯಾರನ್ನೂ ಕಳುಹಿಸಿರಲಿಲ್ಲ. ಸುಶೀಲಾ ಎಂಬ ಉಚ್ಚಿಲದ ಹುಡುಗಿಗೆ ಮೂರು ಗಂಟೆಗೆ ಹೆರಿಗೆಯಾಗಿತ್ತು. ಅಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ರಕ್ತಸ್ರಾವ ನಿಲ್ಲದೆ, ರಕ್ತ ಬೇಕೆಂದು ಡಾಕ್ಟರು ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ. ನಾನು ಕಟಪಾಡಿಯಲ್ಲಿ ಬಸ್ಸು ಹತ್ತಿದಾಗ ಮಗು ಇನ್ನೂ ಹುಟ್ಟಿರಲೇ ಇಲ್ಲ.

ಆ ಹೊತ್ತಿನಲ್ಲಿ ಲೆಕ್ಕ ಹಾಕುತ್ತಾ ಕೂರುವ ಹಾಗಿರಲಿಲ್ಲ. ಪರೀಕ್ಷೆ ಮಾಡಿ ನನ್ನನ್ನು ಮಲಗಿಸಿದರು. ಆಚೆ ಬೆಂಚಿನಲ್ಲಿ ಸುಶೀಲಾಳ ಗಂಡ ಸದಾನಂದ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮೀನುಗಾರಿಕೆಯ ಗಟ್ಟಿ ಆಳು. ನಾನು ಹೊರಗೆ ಬಂದಾಗ ಪಕ್ಕದ ವಾರ್ಡಿನಲ್ಲಿ ಮಗನನ್ನು ನೋಡಿಕೊಳ್ಳುತ್ತಿದ್ದ ಕಾರ್ಕಳದ ಹೆಂಗಸೊಬ್ಬಳು, ತನಗೆಂದು ಬಂದ ಗಂಜಿಯನ್ನು ನನ್ನ ಎದುರು ಇಟ್ಟು, “ಕುಡಿಯದೆ ಏಳುವ ಹಾಗಿಲ್ಲ,” ಎಂದು ಗದರಿದಳು. ರೋಸ್‌ಗೆ ತಂದ ಮಲ್ಲಿಗೆ ಅವಳ ಮಡಿಲಿಗೆ ಹೋಯಿತು. ರಾತ್ರಿಯಾಗುವ ಮೊದಲೇ, ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರು ಬಂದು ಹೇಳಿದರು. ಸದಾನಂದ ಎದ್ದು ನನ್ನ ಕೈ ಹಿಡಿದುಕೊಂಡ. ಕಟಪಾಡಿಯ ಬ್ಯಾರಿಯೊಬ್ಬರು ಕಳುಹಿಸಿದರು, ನಿಮಗೆ ಪರಿಚಯವೇ ಎಂದು ಕೇಳಿದೆ. ಅವನಿಗಾಗಲೀ ಅವನ ತಾಯಿಗಾಗಲೀ ಅಂಥವರು ಯಾರೂ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಕಟಪಾಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ, “ಮೊನ್ನೆ ಅಬ್ಬು ಬ್ಯಾರಿಗಳು ನಿಮ್ಮನ್ನು ಅಷ್ಟು ಅವಸರದಲ್ಲಿ ಎಲ್ಲಿಗೆ ಕಳಿಸಿದ್ದು?” ಎಂದಳು. ನನಗೆ ಹಗುರವೆನಿಸಿತು. ಕಂಡದ್ದು ನಾನೊಬ್ಬಳೇ ಅಲ್ಲ, ಮನುಷ್ಯನಿಗೆ ಹೆಸರೂ ಉಂಟು. ಛತ್ರಿ ರಿಪೇರಿಯ ಅಬ್ಬು ಬ್ಯಾರಿಗಳ ಸಣ್ಣ ಅಂಗಡಿ ಹಿಂದಿನ ಓಣಿಯಲ್ಲೇ ಇತ್ತು.

ಅವರೇ. ಅದೇ ಮುಖ, ಅದೇ ತುಂಡಾದ ಬೆರಳು. ನಾನು ಕೊಂಕಣಿಯಲ್ಲಿ, ಆ ಹುಡುಗಿ ಬದುಕಿಕೊಂಡಳು ಎಂದೆ. ಅವರು ತಲೆಯೆತ್ತಿ ನೋಡಿ ನಕ್ಕರು.

“ಕೊಂಕಣಿ ನನಗೆ ತಿಳಿಯುವುದಿಲ್ಲ ಬಾಯಮ್ಮ. ತುಳುವೋ ಕನ್ನಡವೋ ಹೇಳಿ. ಎಂತ, ಛತ್ರಿಯಾ?”

ನಾನು ಎಲ್ಲವನ್ನೂ ಹೇಳಿದೆ. ಅವರ ನಗು ಹೋಯಿತು. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. ಆ ಆದಿತ್ಯವಾರ ಅವರು ಕಟಪಾಡಿಯಲ್ಲಿ ಇರಲೇ ಇಲ್ಲವಂತೆ. ಮೊಮ್ಮಗನ ತಲೆಕೂದಲು ತೆಗೆಯುವ ಶಾಸ್ತ್ರವೆಂದು ಬೆಳಿಗ್ಗೆಯೇ ಮನೆಯವರನ್ನೆಲ್ಲ ಕರೆದುಕೊಂಡು ಕಾರ್ಕಳದ ಮಗಳ ಮನೆಗೆ ಹೋಗಿ, ಮರುದಿನ ಬಂದದ್ದಂತೆ. ಒಳಗಿನಿಂದ ಬಂದ ಅವರ ಹೆಂಡತಿಯೂ ಅದನ್ನೇ ಹೇಳಿದರು. ಊಟ ಮುಗಿದು ಎರಡೂವರೆಯ ಹೊತ್ತಿಗೆ ಇವರು ಅಳಿಯನ ಮನೆಯ ಚಾವಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರಂತೆ.

ನಾನು ಹೋಗಿ ಗಿರಿಜಕ್ಕನನ್ನು ಕರೆದುಕೊಂಡು ಬಂದೆ. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. “ನಾನು ಕಣ್ಣಾರೆ ಕಂಡದ್ದು ಅಲ್ವಾ,” ಎಂದಳು.

ಅಬ್ಬು ಬ್ಯಾರಿಗಳು ಕೇಳಿದರು: “ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರಾ?”

“ಇದ್ದಾರೆ.”

“ನನ್ನ ರಕ್ತವೂ ಆಗ್ತದಾ? ನನ್ನ ಮುಖ ಇಟ್ಟುಕೊಂಡು ಯಾರೋ ಇಷ್ಟು ಮಾಡಿ ಹೋಗಿದ್ದಾರೆ. ನಾನು ಇಲ್ಲಿ ಸುಮ್ಮನೆ ಕೂತರೆ ಹೇಗೆ?”

ಸೋಮವಾರ ಅವರು ಮಣಿಪಾಲಕ್ಕೆ ಬಂದರು. ಸೂಜಿ ಕಂಡರೆ ಭಯವಂತೆ, ಕಣ್ಣು ಗಟ್ಟಿ ಮುಚ್ಚಿಕೊಂಡು ಮಲಗಿದರು. ಅಲ್ಲಿಂದ ಮುಂದೆ ಛತ್ರಿ ರಿಪೇರಿಗೆ ಬಂದವರನ್ನೆಲ್ಲ ಅವರು ಬಿಡಲಿಲ್ಲ. “ನಿಮ್ಮದು ಯಾವ ಗ್ರೂಪು?” ಎಂದು ಕೇಳಿ, ಗೊತ್ತಿಲ್ಲದವರನ್ನು ಪರೀಕ್ಷೆಗೆ ಅಟ್ಟಿ, ಹೆಸರುಗಳನ್ನು ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಉಚ್ಚಿಲದ ಸದಾನಂದನ ಹೆಸರೂ ಅಲ್ಲಿತ್ತು. ಎಂಬತ್ತರ ದಶಕದಲ್ಲಿ ಆಸ್ಪತ್ರೆಯಲ್ಲಿ ತುರ್ತು ಬಂದರೆ, ಕಟಪಾಡಿಗೆ ಹೋಗಿ ಛತ್ರಿ ಅಂಗಡಿಯಲ್ಲಿ ಕೇಳಿ ಎಂದು ಹೇಳುವುದು ಮಾಮೂಲಾಗಿತ್ತು. ಎಷ್ಟೋ ಮಂದಿಯನ್ನು ಅವರೇ ರಸ್ತೆಗೆ ಇಳಿದು ಬಸ್ಸು ನಿಲ್ಲಿಸಿ ಹತ್ತಿಸಿದರು. ಲೀನಾ ಮಾತ್ರ ರೋಸ್‌ಗೆ ಬಾರದ ನನ್ನ ಮೇಲೆ ಎರಡು ವರ್ಷ ಮುನಿಸಿಕೊಂಡಿದ್ದಳು. ನಾನು ಹೇಳಿದ ಕಾರಣವನ್ನು ಅವಳು ಈಗಲೂ ನಂಬುವುದಿಲ್ಲ.

ಅವಳನ್ನು ದೂರುವಂತಿಲ್ಲ. ನಾನೇ ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಅವರನ್ನೇ ಹೋಲುವ ಇನ್ನೊಬ್ಬರೇ? ಬೆರಳೂ ಹಾಗೆಯೇ ಇರುತ್ತದೆಯೇ? ಇರಲಿ ಎಂದರೂ, ಇನ್ನೂ ಆಗದೆ ಇದ್ದದ್ದು, ನಾನು ಯಾರಿಗೂ ಹೇಳದೆ ಇದ್ದ ರಕ್ತದ ವಿಷಯ, ಎರಡೂ ಅವರಿಗೆ ಹೇಗೆ ತಿಳಿಯಿತು? ತಂದೆಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡರು. ಟಾರ್ಚು ಹುಡುಕಲು ಹೋಗಲಿಲ್ಲ.

ಅಬ್ಬು ಬ್ಯಾರಿಗಳನ್ನು ನಾನು ಕೊನೆಯ ಸಲ ನೋಡಿದ್ದು ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ. ಗಂಡನೊಂದಿಗೆ ಊರು ಬಿಡುವವಳಿದ್ದೆ, ಹೇಳಿಹೋಗಲು ಹೋಗಿದ್ದೆ. ಅವರಿಗೆ ಗಡ್ಡ ಪೂರ್ತಿ ನರೆತಿತ್ತು. ಚಾ ತರಿಸಿದರು, ಮಕ್ಕಳನ್ನು ವಿಚಾರಿಸಿದರು. ನಾನು ಏಳುವಾಗ ಓಣಿಯ ತುದಿಯವರೆಗೆ ಜೊತೆಯಲ್ಲೇ ಬಂದು ನಿಂತರು.

“ಬಾಯಮ್ಮ, ಆ ನನ್ನ ಮುಖದವನು ಎಲ್ಲಿಯಾದರೂ ಪುನಃ ಸಿಕ್ಕಿದರೆ ನನ್ನ ಹತ್ತಿರ ಒಮ್ಮೆ ಕರಕೊಂಡು ಬನ್ನಿ,” ಎಂದರು. “ಒಂದು ಸಲ ನೋಡಬೇಕು ಅಂತ ಉಂಟು.”

ತಮಾಷೆಗೆ ಹೇಳಿದ್ದಲ್ಲ. ನಾನೂ ನಗಲಿಲ್ಲ. ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟು ಬಂದೆ.