ಎರಡು ಗರಗಸ, ಒಂದು ಪ್ಲಗ್

ಮರದ ಗಡಿಯಾರ ಮಾಡುವ ಹುಚ್ಚು ನನಗೆ ಹೊಸತು. ಹಲ್ಲಿನ ಚಕ್ರ ಕೊರೆಯಲು ಸಣ್ಣ ಕರೆಂಟ್ ಗರಗಸ ಬೇಕೆಂದು ಅತ್ತಾವರದ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಎರಡು ಮೆಷಿನ್ ತೋರಿಸಿದರು. ಒಂದಕ್ಕೆ ಮನೆಯ ಲೈಟಿನಂಥದ್ದೇ ಸ್ವಿಚ್, ಇನ್ನೊಂದಕ್ಕೆ ಹಸಿರು, ಕೆಂಪು ಗುಂಡಿಗಳು.

"ವ್ಯತ್ಯಾಸ ಎಂತ?" ಎಂದೆ.

"ಎಂತದೂ ಇಲ್ಲ. ಎರಡೂ ಒಂದೇ ಮಾರಾಯ್ರೆ."

ಸ್ವಿಚ್ಚಿನದ್ದರಲ್ಲಿ ಹಲಗೆ ಕೊಯ್ದು ತೋರಿಸುವಾಗ ಕರೆಂಟ್ ಹೋಯಿತು. ಹಲಗೆ ಬ್ಲೇಡಿಗೆ ಕಚ್ಚಿಕೊಂಡಿತು. ಬಿಡಿಸಲು ಅವರು ಬೆರಳನ್ನು ಬ್ಲೇಡಿನ ಪಕ್ಕಕ್ಕೇ ತೂರಿಸಿದರು.

"ಸ್ವಿಚ್ ಆನ್ ಉಂಟು," ಎಂದೆ.

"ಕರೆಂಟೇ ಇಲ್ಲವಲ್ಲ."

ನಾನು ಬಗ್ಗಿ ಗೋಡೆಯ ಪ್ಲಗ್ ಕಿತ್ತೆ. ಅವರು ಸಿಟ್ಟಿನಿಂದ ತಲೆಯೆತ್ತಿ, "ಸಾಮಾನು ಹಾಳು ಮಾಡ್ತೀರಾ ಎಂತ?" ಎಂದರು. ಬೆರಳು ಇನ್ನೂ ಅಲ್ಲೇ ಇತ್ತು. ಅಷ್ಟರಲ್ಲಿ ನಮ್ಮ ತಲೆಯ ಮೇಲಿನ ಫ್ಯಾನ್ ತಿರುಗತೊಡಗಿತು.

ಇಬ್ಬರೂ ಅದನ್ನೇ ನೋಡಿದೆವು. ಅವರು ಬೆರಳನ್ನು ಮೆಲ್ಲಗೆ ಹೊರತೆಗೆದು, ಗುಂಡಿಗಳ ಮೆಷಿನನ್ನು ನನ್ನತ್ತ ದೂಡಿದರು. "ಇದು ಕರೆಂಟ್ ಬಂದರೂ ಗುಂಡಿ ಒತ್ತದೆ ತಿರುಗುವುದಿಲ್ಲ."

ಮುಂದಿನ ವಾರ ಬ್ಲೇಡ್ ತರಲು ಹೋದಾಗ ಅಂಗಡಿಯವರು ಬೇರೊಬ್ಬರಿಗೆ ಆ ಸ್ವಿಚ್ಚಿನ ಮೆಷಿನ್ ತೋರಿಸುತ್ತಾ, "ಎರಡೂ ಒಂದೇ ಮಾರಾಯ್ರೆ," ಎನ್ನುತ್ತಿದ್ದರು. ಪ್ಲಗ್ ಮಾತ್ರ ಅವರ ಎಡಗೈಯಲ್ಲಿತ್ತು.