ಟವೆಲ್ಲಿನ ಕೆಳಗಿನ ಕೈ

೨೦೦೧ರ ಬೇಸಿಗೆಯಲ್ಲಿ ಮನೆಗೊಂದು ಎಮ್ಮೆ ಬೇಕೆಂದು ಹೆಂಡತಿ ಹಟ ಹಿಡಿದಳು. ಎಮ್ಮೆಯ ಬಗ್ಗೆ ನನಗೆ ತಿಳಿದದ್ದು ಅದು ಕಪ್ಪಗಿರುತ್ತದೆ ಎಂಬುದಷ್ಟೇ. ಆದರೂ ಹುನಗುಂದದಿಂದ ಬಸ್ಸು ಹತ್ತಿ ಅಮೀನಗಡದ ಸಂತೆಗೆ ಹೋದೆ. ದಲ್ಲಾಳಿ ಇಮಾಮಸಾಬರು ಹೆಗಲ ಟವೆಲ್ಲನ್ನು ನಮ್ಮಿಬ್ಬರ ಕೈಮೇಲೆ ಹೊದಿಸಿದರು. ಅಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ದಲ್ಲಾಳಿಯ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ಐದು ಸಾವಿರವೆಂದು ನಾನು ಇಡೀ ಕೈ ಹಿಡಿದೆ. ಅವರು ಟವೆಲ್ಲು ತೆಗೆದರು.

"ಮಾಸ್ತರ್ರ, ಎಮ್ಮಿ ಕೇಳಾಕ ಬಂದೀರೋ, ಬರೇ ಅದರ ಬಾಲ ಸಾಕೋ?"

ಸುತ್ತಲಿದ್ದವರೆಲ್ಲ ನಕ್ಕರು. ಎಮ್ಮೆಯೂ ಮುಖ ತಿರುಗಿಸಿತು.

"ಐದೂ ಬೆರಳು ಹಿಡಿದೇನ್ರಿ," ಎಂದೆ.

"ಮೂರ ಹಿಡಿದ್ರಿ."

ಇಬ್ಬರೂ ಅವರ ಕೈ ನೋಡಿದೆವು. ಉಂಗುರದ ಬೆರಳೂ ಕಿರುಬೆರಳೂ ಅಂಗೈಯೊಳಗೆ ಮಡಚಿಕೊಂಡಿದ್ದವು.

ಇದು ಒಂದು ದಿನದಲ್ಲಿ ಆದದ್ದಲ್ಲ. ಕೆಲವು ವರ್ಷಗಳ ಹಿಂದೆ ಉಂಗುರದ ಬೆರಳಿನ ಬುಡಕ್ಕೆ, ಅಂಗೈಯಲ್ಲಿ, ಕಡಲೆಕಾಳಿನಷ್ಟು ಗಂಟೊಂದು ಎದ್ದಿತ್ತು. ಹಗ್ಗ ಹಿಡಿದು ಬಿದ್ದ ದಡ್ಡು ಎಂದುಕೊಂಡರು. ನೋವಿರಲಿಲ್ಲ, ನೋವಿಲ್ಲದ್ದಕ್ಕೆ ದವಾಖಾನೆಗೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಆಮೇಲೆ ಅಂಗೈಯ ಚರ್ಮ ಅಲ್ಲಲ್ಲಿ ಒಳಕ್ಕೆ ಸೇದಿಕೊಂಡಿತು. ಗಂಟಿನಿಂದ ಬೆರಳಿನತ್ತ ಚರ್ಮದಡಿ ಒಂದು ಹುರಿ ಬಿಗಿಯತೊಡಗಿ, ನಿಧಾನವಾಗಿ ಬೆರಳನ್ನೇ ಬಗ್ಗಿಸಿತು. ಮುಖ ತೊಳೆಯುವಾಗ ಅದು ಮೂಗಿಗೆ ತಿವಿಯುತ್ತಿತ್ತು. ಜೇಬಿಗೆ ಹೋದ ಕೈ ಹೊರಬರಲು ಒಪ್ಪುತ್ತಿರಲಿಲ್ಲ. ಹಳೆಯ ಗಿರಾಕಿಗಳು ಬಗ್ಗಿದ ಬೆರಳಿನ ಗೆಣ್ಣು ಒತ್ತಿ ಲೆಕ್ಕ ಸರಿಮಾಡಿಕೊಂಡಿದ್ದರು. ಆ ವರ್ಷ ಕಿರುಬೆರಳೂ ಅಣ್ಣನ ಬೆನ್ನು ಹತ್ತಿತ್ತು. ಕುದುರಿದ ವ್ಯಾಪಾರಗಳು ಮುರಿದು, ಜನ ಇನ್ನೊಬ್ಬ ದಲ್ಲಾಳಿ ಖಾದರಬಾಷಾನ ಟವೆಲ್ಲಿನತ್ತ ಸರಿಯುತ್ತಿದ್ದರು. ಯಾಕೆಂಬುದು ನನ್ನ ಪೆದ್ದುತನದಿಂದ ಅಂದು ಬಯಲಾಯಿತು.

ಮುಂದಿನ ಸಂತೆಯಲ್ಲಿ ಇಮಾಮಸಾಬರು ಎಡಗೈ ಚಾಚಿದರು. ದನದ ವ್ಯವಹಾರಕ್ಕೆ ಎಡಗೈ ಹಿಡಿಯಲು ಯಾರೂ ಒಪ್ಪಲಿಲ್ಲ. ಹೀಗೇ ಆದರೆ ಅವರ ಕಸುಬು ಮುಗಿದಂತೆಯೇ.

"ಬಾಗಲಕ್ವಾಟಿ ದವಾಖಾನಿಗೆ ಹೋಗ್ರಿ ಅಂದ್ರ ಬೆರಳ ಕಡದ್ರ ಹೆಂಗ ಅಂತಾರ, ಮಾಸ್ತರ," ಎಂದು ಅವರ ಹೆಂಡತಿ ದಸ್ತಗೀರಬಿ ನನ್ನೆದುರೇ ದೂರಿದರು. "ಈಗಿದ್ದೂ ಏನ ಉಪಯೋಗ?"

"ನಿನಗೇನು, ನಿನ್ನ ವ್ಯಾಪಾರೆಲ್ಲಾ ಬಾಯಿಲೇ ನಡೀತೈತಿ," ಎಂದರು ಇಮಾಮಸಾಬರು. ಆದರೂ ಹೊರಟರು. ಧೈರ್ಯಕ್ಕೆ ನನ್ನನ್ನು ಕರೆದೊಯ್ದರು. ಆಯ್ಕೆಯಲ್ಲಿ ಅವರು ಎಡವಿದ್ದು ಅದೊಂದೇ ಸಲ.

ಡಾಕ್ಟರು ಅಂಗೈಯನ್ನು ಮೇಜಿನ ಮೇಲೆ ಸಪಾಟಾಗಿ ಇಡಲು ಹೇಳಿದರು. ಕೈ ಕಮಾನಾಯಿತು, ಅದರಡಿ ಇಲಿಯೊಂದು ಆರಾಮಾಗಿ ಹಾಯಬಹುದಿತ್ತು.

"ಚರ್ಮದ ಕೆಳಗಿನ ಪದರು ದಪ್ಪಾಗಿ ಕುಗ್ಗೇತಿ. ಹಗ್ಗದ್ದೇನ ತಪ್ಪಿಲ್ಲ. ಮನಿತನದಾಗ ಬರೂದುಂಟು. ನಿಮ್ಮ ತಂದಿಗಿತ್ತೇನು?"

"ಇತ್ತರಿ. ಮುಷ್ಟಿ ಬಿಚ್ಚತಿದ್ದಿಲ್ಲ. ನಾವು ಜಿಪುಣ ಅಂತ ತಿಳದಿದ್ವಿ."

ಆಪರೇಷನ್ ಆಯಿತು. ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದ ನನಗೆ ತಲೆ ಸುತ್ತಿ, ಮೊದಲ ಗ್ಲೂಕೋಸು ನನಗೇ ಸಿಕ್ಕಿತು. ಹಲವು ತಿಂಗಳು ರಾತ್ರಿ ಬೆರಳಿಗೆ ಪಟ್ಟಿ, ಹಗಲು ವ್ಯಾಯಾಮ. ಮುಂದೆಂದಾದರೂ ಮತ್ತೆ ಬಗ್ಗಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಉಂಗುರದ ಬೆರಳು ನೆಟ್ಟಗಾಯಿತು. ಕಿರುಬೆರಳು ತುಸು ಬಾಗಿದ್ದರೂ ಹಿಡಿತಕ್ಕೆ ಸಿಗುವಷ್ಟಾಯಿತು.

ಮರುವರ್ಷ ಸಂತೆಗೆ ಹೋದಾಗ ಅವರ ಸುತ್ತ ಗಿರಾಕಿಗಳು ಸರದಿಗೆ ಕಾಯುತ್ತಿದ್ದರು. ಅಂದು ನನಗೆ ತಪ್ಪಿಹೋಗಿದ್ದ ಅದೇ ಎಮ್ಮೆ ಮತ್ತೆ ಮಾರಾಟಕ್ಕೆ ಬಂದಿತ್ತು. ಟವೆಲ್ಲಿನ ಕೆಳಗೆ ನಾನು ಬೆರಳನ್ನೆಲ್ಲ ಜೋಪಾನವಾಗಿ ಹಿಡಿದೆ.

"ಐದೂ ಸಿಕ್ಕವಲ್ರಿ ಇಮಾಮಸಾಬ್ರ. ಈಗರೆ ಎಮ್ಮಿ ನಂದಾತೇನು?"

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬೆರಳು ಮೊದಲಿನಂಗ ಆಗ್ಯಾವ್ರಿ. ದರ ಮೊದಲಿನಂಗ ಉಳಿದಿಲ್ಲ."