ಸೀಮೆಸುಣ್ಣದ ಕೈಗಳು

೧೯೯೬ರಲ್ಲಿ ನಾನು ಓದು ಬಿಟ್ಟೆ. ಏಳನೇ ತರಗತಿಯ ಪರೀಕ್ಷೆ ಹತ್ತಿರವಿತ್ತು. ಮನೆಯಲ್ಲಿ ರೇಷ್ಮೆ ಹುಳುಗಳು ಎಡೆಬಿಡದೆ ತಿನ್ನುವ ಹೊತ್ತು, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕೈ ಸಾಲದು ಎಂದು ಅಪ್ಪ ಕರೆದ, ಹೋದೆ. ಆ ಬೆಳೆ ಮುಗಿದ ಮೇಲೆ ಇನ್ನೊಂದು ಬೆಳೆ ಬಂತು. ಯಾರ ಮೇಲೂ ದೂರಿಲ್ಲ. ಮೇಲೂರಿನ ಸುತ್ತ ನನ್ನಷ್ಟು ಅಚ್ಚುಕಟ್ಟಾಗಿ ಹುಳು ಸಾಕುವವರು ಕಡಿಮೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ದುಡಿದವನಿಗೆ ಹೇಳಿಕೊಳ್ಳುವ ಹಕ್ಕಿದೆ.

ಎರಡು ವರ್ಷದ ಹಿಂದೆ, ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ, ಅವಳ ಶಾಲೆಗೆ ಹೊಸ ಟೀಚರ್ ಬಂದರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗಲೆಲ್ಲ ಒಂದು ಚಿತ್ರಪುಸ್ತಕ ಅವರ ಬ್ಯಾಗಿನಲ್ಲಿರುತ್ತಿತ್ತು. ಕೆರೆಗೆ ಹೋದರೆ ಹಕ್ಕಿಗಳ ಪುಸ್ತಕ, ಅಂಬಾಜಿದುರ್ಗದ ಬೆಟ್ಟಕ್ಕೆ ಹೋದರೆ ಕಲ್ಲುಬಂಡೆಗಳ ಪುಸ್ತಕ. ಒಂದು ಪುಟ ಓದುವುದು, ಪುಸ್ತಕ ಮುಚ್ಚುವುದು, ಅದರಲ್ಲಿರುವುದು ಇಲ್ಲಿ ಎಲ್ಲಿದೆ ಎಂದು ಹುಡುಕಿಸುವುದು. ಮಗಳು ಮನೆಗೆ ಬಂದು ಅಜ್ಜಿಗೂ ಹಾಗೇ ಪಾಠ ಮಾಡುತ್ತಿದ್ದಳು. ನನಗೆ ಯಾರೂ ಹೀಗೆ ಕಲಿಸಿರಲಿಲ್ಲ.

ಆ ಮಳೆಗಾಲ ರೇಷ್ಮೆ ಹುಳುವಿನ ಪುಸ್ತಕದ ಸರದಿ. ತರಗತಿಯನ್ನು ಕರೆತರಬಹುದೇ ಎಂದು ಟೀಚರ್ ಮನೆಗೇ ಬಂದು ಕೇಳಿದರು. ಹುಳು ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ರೋಗ ಕಾಲಲ್ಲಿ ಬರುತ್ತದೆ, ಕೈಯಲ್ಲಿ ಬರುತ್ತದೆ.

"ಬೇಡ ನಾಯನಾ," ಎಂದಳು ಅಮ್ಮ. "ನಿಮ್ಮಪ್ಪ ಬೀಗರನ್ನೇ ಒಳಗೆ ಬಿಟ್ಟೋರಲ್ಲ."

"ಬೀಗರು ಕೈ ತೊಳಿತಿರಲಿಲ್ಲ ಕಣಮ್ಮ," ಎಂದೆ.

ಮಗಳ ತರಗತಿ ನನ್ನ ಮನೆಗೆ ಪಾಠ ಕೇಳಲು ಬರುತ್ತದೆ ಎಂದರೆ ಬೇಡ ಅನ್ನಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲೆಸಿದ ನೀರಿಟ್ಟು, ಪ್ರತಿ ಮಗುವಿನ ಕಾಲು ಅದ್ದಿಸಿ, ಕೈ ತೊಳೆಸಿ ಒಳಗೆ ಬಿಟ್ಟೆ. ಮಗಳು ಮುಂದೆ ನಿಂತು ಪುಸ್ತಕ ಓದಿದಳು: ಹುಳು ನಾಲ್ಕು ಸಲ ಪೊರೆ ಕಳಚುತ್ತದೆ.

"ನಾವು ಅದನ್ನ ಜ್ವರ ಅಂತೀವಿ," ಎಂದೆ. "ಈಗ ಮೂರನೇ ಜ್ವರಕ್ಕೆ ಕೂತವೆ. ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಸುಮ್ನೆ ಇರ್ತವೆ."

"ಮಾತ್ರೆ ಕೊಟ್ರಾ ಅಂಕಲ್?" ಎಂದ ಒಬ್ಬ.

"ಸ್ಕೂಲಿಗೆ ರಜಾ ಕೊಟ್ಟಿದೀನಿ, ಸಾಕು."

ಎಲ್ಲರೂ ನಕ್ಕರು. ಮಗಳು ಮಾತ್ರ ನಗದೆ, ಹೆಡ್‌ಮಿಸ್ ಹಾಗೆ, "ಸೈಲೆನ್ಸ್" ಎಂದಳು.

ಆಮೇಲೆ ವಾರವೆಲ್ಲ ಬಿಸಿಲು ಕಾಣಲಿಲ್ಲ. ಜಡಿಮಳೆ, ಥಂಡಿ. ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲೆ ಒಂದು ಬೆಳಗ್ಗೆ ನೋಡಿದರೆ ಮೂಲೆಯಲ್ಲೊಂದು ಸೆಟೆದು ಬೆಳ್ಳಗಾಗಿತ್ತು. ಮುರಿದರೆ ಲಟ್ಟೆಂದಿತು. ಸುಣ್ಣಕಟ್ಟು. ಸತ್ತ ಹುಳು ಸುಣ್ಣದ ಕಡ್ಡಿಯ ಹಾಗಾಗುವ ಈ ರೋಗಕ್ಕೆ ನಮ್ಮ ಕಡೆ ಅದೇ ಹೆಸರು. ಆರಿಸಿ ತೆಗೆದೆ, ಔಷಧಿ ಪುಡಿ ಉದುರಿಸಿದೆ, ಕಿಟಕಿಯ ಪರದೆ ಎತ್ತಿ ಗಾಳಿ ಬಿಟ್ಟೆ. ನಿಲ್ಲಲಿಲ್ಲ. ತೋಟದ ಅಂಚಿನಲ್ಲಿ ಗುಂಡಿ ತೋಡಿ, ಇಡೀ ಬೆಳೆಯನ್ನು ಮಂಕರಿಯಲ್ಲಿ ಹೊತ್ತು ಸುರಿದೆ. ಆ ಹಂತದಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಅಂಗಳದವರೆಗೆ ಕೇಳಬೇಕು. ಹುಳು ಮನೆ ಸುಮ್ಮನಿತ್ತು.

ಅಮ್ಮ ಗುಂಡಿಯ ಹತ್ತಿರ ನಿಂತಿದ್ದಳು. "ಸೀಮೆಸುಣ್ಣ ಹಿಡಿದಿರೋ ಕೈಗಳು ಒಳಗೆ ಬಂದ್ವು. ಸುಣ್ಣಕಟ್ಟು ಬರದೆ ಇನ್ನೇನು ಬರತ್ತೆ."

ಹೆಸರಿಗೆ ಹೆಸರು ಗಂಟುಹಾಕಿದ ಮಾತು, ಅಷ್ಟೆ. ಆದರೆ ಮಗಳು ಹಿಂದೆಯೇ ಇದ್ದಳು. ತರಗತಿಯಲ್ಲಿ ಬೋರ್ಡ್ ಒರೆಸಿ ತಾರೀಖು ಬರೆಯುವ ಕೆಲಸ ಅವಳದು. ಮಾರನೇ ದಿನ ಅವಳು ಯೂನಿಫಾರ್ಮ್ ಹಾಕಲಿಲ್ಲ.

"ನಾನು ಸ್ಕೂಲಿಗೆ ಹೋಗಲ್ಲಪ್ಪ. ಸೊಪ್ಪು ಕೊಯ್ತೀನಿ."

"ಯಾಕಮ್ಮ?"

"ಎಲ್ರೂ ಬಂದ್ರಲ್ಲ, ಅವತ್ತು ಬೆಳಗ್ಗೆ ನಾನು ಬೋರ್ಡ್ ಮೇಲೆ ಬರ್ದಿದ್ದೆ."

ಅವಳನ್ನು ಸುಣ್ಣದ ಚೀಲದ ಹತ್ತಿರ ಕರೆದೊಯ್ದೆ. "ನೋಡು, ರೋಗ ಬರದಿರಲಿ ಅಂತ ನಾವೇ ಸುಣ್ಣ ಉದುರಿಸ್ತೀವಿ. ಸುಣ್ಣದಿಂದ ಬರೋದಲ್ಲ ಕಣೇ ಅದು. ಥಂಡಿಗೆ ಬೂಷ್ಟು ಹಿಡಿಯೋದು."

"ಇದು ಬೇರೆ ಸುಣ್ಣ," ಎಂದಳು.

ವಿಷಯ ತಿಳಿದು ಟೀಚರ್ ಅದೇ ಪುಸ್ತಕ ಹಿಡಿದು ಬಂದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೀಮೆಸುಣ್ಣಕ್ಕೂ ರೋಗಕ್ಕೂ ಸಂಬಂಧವಿಲ್ಲ ಎಂದು ಸಮಾಧಾನವಾಗಿ ಹೇಳಿದರು.

"ಪುಸ್ತಕದಲ್ಲಿ ಎಲ್ಲಿದೆ ತೋರ್ಸಿ ಮಿಸ್," ಎಂದಳು ಮಗಳು.

ಟೀಚರ್ ಹಾಳೆ ತಿರುವಿದರು. ಮೊಟ್ಟೆ, ಹುಳು, ಗೂಡು, ರೆಕ್ಕೆ ಬಿಚ್ಚಿದ ಚಿಟ್ಟೆ. ರೋಗದ ಪುಟ ಇರಲಿಲ್ಲ. ಚಿಟ್ಟೆಯ ಮೇಲೆ ಬೆರಳಿಟ್ಟು, ಮತ್ತೆ ಮೊದಲ ಪುಟದಿಂದ ಹುಡುಕಿದರು.

ಹೊರಡುವಾಗ ಬಾಗಿಲಲ್ಲಿ, "ನಾನು ಕೇಳಬಾರದಾಗಿತ್ತು ಅಣ್ಣ," ಎಂದರು.

"ನಾನು ಬಾಗಿಲು ತೆಗೆದೆ, ನೀವು ಬಂದ್ರಿ. ಅದಕ್ಕೆ ನಾನು ಯಾರ ಹತ್ರಾನೂ ಅಳಲ್ಲ. ಆ ಹುಡುಗೀನ ಮಾತ್ರ ಸ್ಕೂಲಿಗೆ ಕರ್ಕೊಳಿ."

ರೋಗ ಎಲ್ಲಿಂದ ಬಂತೆಂದು ಇವತ್ತಿಗೂ ಗೊತ್ತಿಲ್ಲ. ನನ್ನ ಕಾಲಿನಲ್ಲೇ ಬಂದಿರಬಹುದು. ಆ ಮಳೆಗೆ ಊರಲ್ಲಿ ಇನ್ನೂ ಕೆಲವರ ಬೆಳೆ ಹೋಗಿತ್ತು, ಅವರ ಮನೆಗೆ ಯಾವ ಮಗುವೂ ಕಾಲಿಟ್ಟಿರಲಿಲ್ಲ. ಆದರೂ ಅಮ್ಮನ ಮಾತು ಬಾಯಿಂದ ಬಾಯಿಗೆ ಹೋಗಿ, ಬೆಳೆ ಕಳೆದುಕೊಂಡ ಅವರೇ ಶಾಲೆಗೆ ಹೋಗಿ ಕೂಗಾಡಿದರು. ಮಕ್ಕಳನ್ನು ಹೊರಗೆ ಕರೆದೊಯ್ಯುವುದು ನಿಂತಿತು. ಪುಸ್ತಕಗಳು ಬೀರು ಸೇರಿದವು. ಮುಂದಿನ ವರ್ಷ ಟೀಚರ್‌ಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು.

ಮಗಳಿಗೆ ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಕುಡುಗೋಲನ್ನು ಮಾತ್ರ ಅವಳ ಕೈಗೆ ಸಿಗದ ಹಾಗೆ ಸೂರಿಗೆ ಸಿಕ್ಕಿಸಿದೆ. ಬೆಳಗ್ಗೆ ಬೈಕಿನಲ್ಲಿ ಶಾಲೆಯ ಗೇಟಿಗೆ ಬಿಟ್ಟರೆ ಮಧ್ಯಾಹ್ನಕ್ಕೆ ನಡೆದು ವಾಪಸ್ ಬರುತ್ತಿದ್ದಳು. ಊಟ ಹಾಕಿ ಮತ್ತೆ ಬಿಡುತ್ತಿದ್ದೆ. ಆ ಮಳೆಗಾಲ ಮುಗಿಯುವವರೆಗೆ ನಮ್ಮಿಬ್ಬರದು ಇದೇ ಕೆಲಸ.

ಈಗ ಹೋಗುತ್ತಾಳೆ. ಬೋರ್ಡಿಗೆ ಕರೆದರೆ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲೇ ಉತ್ತರ ಹೇಳುತ್ತಾಳಂತೆ. ಹುಳು ಮನೆಯೊಳಗೆ ಬರುವುದಿಲ್ಲ. ಕಾಫಿ ತಂದರೆ ಹೊರಗಿನ ಕಲ್ಲಿನ ಮೇಲಿಟ್ಟು, "ಅಪ್ಪ, ಇಟ್ಟಿದೀನಿ," ಎಂದು ಕೂಗಿ ಹೋಗುತ್ತಾಳೆ. ಗುಂಡಿಯ ಹತ್ತಿರ ತಾನು ಅಂದದ್ದನ್ನು ಅಮ್ಮ ಮರೆತಿದ್ದಾಳೆ.

ಎರಡು ಎಕರೆ ಹಿಪ್ಪುನೇರಳೆ, ಒಂದು ಬೋರ್‌ವೆಲ್, ಶೀಟು ಹೊದಿಸಿದ ಒಂದು ಹುಳು ಮನೆ, ಈ ವರ್ಷ ಕೈಗೆ ಬಂದ ನಾಲ್ಕು ಬೆಳೆ, ಆರನೇ ತರಗತಿ ಓದುತ್ತಿರುವ ಒಬ್ಬ ಮಗಳು. ನನ್ನ ಹತ್ತಿರ ಈಗ ಇರುವುದು ಇಷ್ಟು.